ಟೈ ಎಲ್ಲಿಂದ ಬಂತು

ಮಾರ್ಚ್ ೨೪, ಸೋಮವಾರ

ಇಪ್ಪತ್ತೆರಡು ವರ್ಷ ಇತಿಹಾಸ ಪಾಠ ಮಾಡಿದ್ದಕ್ಕೆ ಇವತ್ತು ಪ್ರಸಾದ ಸಿಕ್ಕಿತು. ಟೈ ಬಗ್ಗೆ ಎರಡು ಪುಟ ಬರೆಯಬೇಕಂತೆ!

ಪರೀಕ್ಷೆಯ ಕೆಲಸ ಮುಗಿಸಿ ಶಂಕರಪುರದ ನಮ್ಮ ಶಾಲೆಯಿಂದ ಹೊರಡುವ ಹೊತ್ತಿಗೆ ಆಡಳಿತ ಮಂಡಳಿಯ ಕಾರ್ಯದರ್ಶಿ ವೆಂಕಟಾಚಲ ಅವರು ಕೋಣೆಗೆ ಕರೆಸಿದರು. ಕಾಫಿ ತರಿಸಿದರು. ಆ ಕೋಣೆಯಲ್ಲಿ ನನಗೆ ಕಾಫಿ ಬಂದದ್ದು ಇದೇ ಮೊದಲು, ಹಾಗಾಗಿ ಏನೋ ಇದೆ ಅಂದುಕೊಂಡೆ. ಇದ್ದೇ ಇತ್ತು. ಜೂನ್‌ನಿಂದ ಮಕ್ಕಳ ಸಮವಸ್ತ್ರದಲ್ಲಿ ಟೈ ಇರುವುದಿಲ್ಲ. ಏಪ್ರಿಲ್ ೧೩ರ ಭಾನುವಾರ ಸಭೆ, ಅಲ್ಲಿ ನಾನು ಟಿಪ್ಪಣಿ ಓದಬೇಕು.

"ಎರಡು ಪುಟ ಸಾಕು ಮೇಡಂ. ಟೈ ಎಲ್ಲಿಂದ ಬಂತು, ಆ ಹೆಸರು ಹೆಂಗೆ ಬಂತು, ಯಾರು ತಂದ್ರು. ಇಂಗ್ಲಿಷರು ನಮ್ಮ ಕೊರಳಿಗೆ ಕಟ್ಟಿಹೋದ ಗುಲಾಮಗಿರಿ ಅಂತ ಕೊನೇಲಿ ಒಂದು ಸಾಲು ಬಂದ್ಬಿಡ್ಲಿ. ನೀವು ಬರೆದ್ರೆ ಅದರ ತೂಕವೇ ಬೇರೆ."

ಆಮೇಲೆ ಲೋಟ ಕೆಳಗಿಡುತ್ತಾ, ಅದೇ ಸಭೆಯಲ್ಲಿ ಹೊಸ ಮುಖ್ಯೋಪಾಧ್ಯಾಯರ ವಿಚಾರವೂ ಬರುತ್ತದೆ ಅಂದರು. "ಸೀನಿಯಾರಿಟಿ ನಿಮ್ಮದೇ. ಆದ್ರೂ ಕಮಿಟಿ ಮನಸ್ಸು ಮಾಡ್ಬೇಕಲ್ಲ."

ನನಗೆ ಆ ಹುದ್ದೆ ಬೇಕು. ಇಲ್ಲಿ ಯಾರಿಗೂ ಸುಳ್ಳು ಹೇಳುವ ಅಗತ್ಯವಿಲ್ಲ, ಬೇಕೇ ಬೇಕು. ಅಪ್ಪ ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದವರು. ಸಾಹೇಬರು ಬೆಲ್ ಹೊಡೆದರೆ ಒಳಗೆ ಓಡಿದವರು. ಅವರ ಮಗಳ ಮೇಜಿನ ಮೇಲೆ ಒಂದು ಬೆಲ್ ಇರಬೇಕು, ಅಷ್ಟೇ. ಅದಕ್ಕೆ ಒಂದು ಬಟ್ಟೆಪಟ್ಟಿಯನ್ನು ಬೈಯಬೇಕು ಅಂದರೆ ಬೈದರಾಯಿತು. ಈಗಿನ ಮಕ್ಕಳದ್ದು ಟೈಯೇ ಅಲ್ಲ, ಎಲಾಸ್ಟಿಕ್ ಹಾಕಿದ ಬಾಲ. ನಮ್ಮ ಕಾಲದಲ್ಲಿ ನಾವೇ ಗಂಟು ಹಾಕಿಕೊಳ್ಳಬೇಕಿತ್ತು.

ಮಾರ್ಚ್ ೨೭, ಗುರುವಾರ

ಟಿಪ್ಪಣಿ ಒಂದೇ ಗಂಟೆಯಲ್ಲಿ ಮುಗಿಯಿತು. ಇಂಗ್ಲಿಷರು, ಚಳಿ ದೇಶ, ನಮ್ಮ ಸೆಕೆ, ಗುಲಾಮಗಿರಿ. ಹತ್ತನೇ ತರಗತಿಯ ಮಕ್ಕಳು ಹೀಗೆ ಬರೆದಿದ್ದರೆ 'ಆಧಾರ ಎಲ್ಲಿ?' ಅಂತ ಕೆಂಪು ಶಾಯಿಯಲ್ಲಿ ಗೀಚಿರುತ್ತಿದ್ದೆ. ಇಸವಿ ಒಂದೆರಡು ಸೇರಿಸಿದರೆ ಗಟ್ಟಿಯಾಗುತ್ತದೆ. ಶನಿವಾರ ಗ್ರಂಥಾಲಯಕ್ಕೆ ಹೋಗುತ್ತೇನೆ.

ಸಂಜೆ ನಮ್ಮ ಬೀದಿಯ ಸಂಘದವರು ಬಂದಿದ್ದರು. ಈ ಸಲ ಏಪ್ರಿಲ್ ೧೪ರಂದು, ಬಾಬಾಸಾಹೇಬರ ಜಯಂತಿಗೆ, ಅಪ್ಪನಿಗೆ ಸನ್ಮಾನವಂತೆ. "ಅಂಜನಪ್ಪನವರು ಟೈ ಹಾಕ್ಕೊಂಡೇ ಬರ್ಬೇಕು" ಅಂತ ನಕ್ಕರು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಅಪ್ಪನ ಟೈ ಗೊತ್ತಿಲ್ಲದವರಿಲ್ಲ. ವರ್ಷಕ್ಕೆ ಒಂದೇ ದಿನ ಹಾಕುತ್ತಾರೆ. ಉಳಿದ ದಿನ ಅದು ಬಾಬಾಸಾಹೇಬರ ಪಟದ ಪಕ್ಕದ ಮೊಳೆಗೆ ನೇತುಬಿದ್ದಿರುತ್ತದೆ, ಗಂಟು ಸಮೇತ. ಸಡಿಲ ಮಾಡಿ ತಲೆಯಿಂದ ತೂರಿಸಿಕೊಳ್ಳುತ್ತಾರೆ, ಮತ್ತೆ ಹಾಗೇ ತೆಗೆದು ನೇತುಹಾಕುತ್ತಾರೆ. ಗಂಟು ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಆ ಟೈ ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಕಾರಣ ಬರೆಯಬೇಕಿಲ್ಲ.

ಮಾರ್ಚ್ ೨೯, ಶನಿವಾರ

ವಾಡಿಯಾ ರಸ್ತೆಯ ಗ್ರಂಥಾಲಯದಲ್ಲಿ ಮೂರು ಗಂಟೆ ಕೂತೆ. ಹೋಗಬಾರದಿತ್ತು.

ಮೊದಲ ಪುಸ್ತಕದ ಪ್ರಕಾರ ಟೈ ಇಂಗ್ಲಿಷರದ್ದೇ ಅಲ್ಲ. ನಾನೂರು ವರ್ಷದ ಹಿಂದೆ ಕ್ರೊಯೇಷಿಯಾದ ಸಿಪಾಯಿಗಳು ಫ್ರಾನ್ಸಿನ ದೊರೆಗಾಗಿ ಕೂಲಿಗೆ ಯುದ್ಧ ಮಾಡಲು ಹೋದರು. ಕೊರಳಿಗೆ ಬಟ್ಟೆ ಸುತ್ತಿ ಗಂಟು ಹಾಕುವುದು ಅವರ ರೂಢಿ. ಪ್ಯಾರಿಸಿನವರಿಗೆ ಅದು ಹಿಡಿಸಿತು, ಕೊನೆಗೆ ಅರಸನ ಕೊರಳಿಗೂ ಏರಿತು. ಆ ಜನರ ಹೆಸರೇ ಬಟ್ಟೆಗೂ ಅಂಟಿಕೊಂಡು ಫ್ರೆಂಚಿನಲ್ಲಿ ಟೈ 'ಕ್ರವಾತ್' ಆಯಿತು. ಸರಿ ಅಂತ ಬರೆದುಕೊಂಡೆ. ಎರಡನೆಯ ಪುಸ್ತಕ ತೆಗೆದರೆ, ಆ ಪದ ಫ್ರೆಂಚಿನಲ್ಲಿ ಅವರು ಬರುವುದಕ್ಕೆ ಇನ್ನೂರು ವರ್ಷ ಮೊದಲೇ ಇತ್ತು, ಹೆಸರಿನ ಕಥೆ ಆಮೇಲೆ ಹೊಲಿದದ್ದು ಎಂಬ ವಾದ. ಮೂರನೆಯದರಲ್ಲಿ ರೋಮಿನ ಕಲ್ಲುಕಂಬದ ಚಿತ್ರ, ಅಲ್ಲಿನ ಸಿಪಾಯಿಗಳ ಕೊರಳಲ್ಲೂ ಬಟ್ಟೆ. ಅದಕ್ಕೂ ಹಿಂದೆ ಚೀನಾದ ಚಕ್ರವರ್ತಿಯ ಸಮಾಧಿಯಲ್ಲಿ ಸಾವಿರಾರು ಮಣ್ಣಿನ ಸೈನಿಕರು, ಅವರ ಕೊರಳಲ್ಲೂ! ಒಂದರಿಂದ ಇನ್ನೊಂದು ಬಂತು ಅನ್ನುವುದಕ್ಕೆ ಯಾರ ಬಳಿಯೂ ಪುರಾವೆ ಇಲ್ಲ. ಋಷಿಮೂಲ, ನದೀಮೂಲ ಕೆದಕಬಾರದು ಅಂತಾರೆ. ಟೈ ಮೂಲವನ್ನೂ ಅದಕ್ಕೆ ಸೇರಿಸಬೇಕು.

ನನ್ನ ಎರಡು ಪುಟ ಚೀಲದಲ್ಲೇ ಇದೆ. ಅದರಲ್ಲಿ ಮೊದಲ ಸಾಲೇ ತಪ್ಪು. ಯಾರು ನೋಡುತ್ತಾರೆ ಅಂತಲೂ ಅನ್ನಿಸಿತು.

ಏಪ್ರಿಲ್ ೧, ಮಂಗಳವಾರ

ವೆಂಕಟಾಚಲ ಅವರ ಫೋನು. "ಮುಗೀತಾ ಮೇಡಂ?" ಸ್ವಲ್ಪ ಗೊಂದಲ ಇದೆ ಸರ್, ಇಂಗ್ಲಿಷರದ್ದು ಅಂತ ಹೇಳೋಕಾಗಲ್ಲ ಅಂದೆ.

"ನಮಗೆ ಪಿಎಚ್‌ಡಿ ಬೇಕಿಲ್ಲ. ವಿಷಯ ಏನಂದ್ರೆ, ನಿಮ್ಮವರ ಕಡೆ ಪೇರೆಂಟ್ಸ್ ಕೆಲವರು ಟೈ ಇರ್ಲಿ ಅಂತ ಅರ್ಜಿ ಕೊಟ್ಟಿದಾರೆ. ಅಂಬೇಡ್ಕರ್ ಹಾಕ್ತಿದ್ರು, ನಮ್ಮ ಮಕ್ಕಳೂ ಹಾಕ್ಲಿ ಅಂತ. ಬೇಡ ಅಂತ ನಿಮ್ಮ ಬಾಯಿಂದಲೇ ಬಂದ್ರೆ ಯಾರೂ ಕಮಕ್ ಕಿಮಕ್ ಅನ್ನಲ್ಲ ನೋಡಿ."

'ನೀವು ಬರೆದ್ರೆ ತೂಕ' ಅಂದದ್ದು ಇತಿಹಾಸದ ಮೇಡಂಗೆ ಅಂದುಕೊಂಡು ಒಂದು ವಾರ ಉಬ್ಬಿದ್ದೆನಲ್ಲ. ಎಷ್ಟು ದಡ್ಡಿ!

ಆದರೂ ಬೆಲ್ ಕಣ್ಣ ಮುಂದಿಂದ ಹೋಗುತ್ತಿಲ್ಲ. ನಾನು ಒಪ್ಪದಿದ್ದರೆ ರಾಮಾನುಜ ಇದ್ದಾನೆ. ಗಣಿತದ ಮೇಷ್ಟ್ರು, ಸೀನಿಯಾರಿಟಿಯಲ್ಲಿ ನನಗಿಂತ ನಾಲ್ಕು ವರ್ಷ ಹಿಂದೆ.

ಏಪ್ರಿಲ್ ೩, ಗುರುವಾರ

ರಾತ್ರಿ ಊಟಕ್ಕೆ ಕೂತಾಗ, ಈ ಟೈ ತಲೆನೋವು ತಲೆಯಲ್ಲಿ ಇದ್ದುದಕ್ಕೋ ಏನೋ, "ಅಪ್ಪನ ಟೈ ಎಲ್ಲಿಂದ ಬಂತು?" ಅಂತ ಕೇಳಿದೆ. ಟೈ ಒಂದು, ಕಥೆ ಮೂರು.

ಅಮ್ಮ ಹೇಳುವುದು, ಅಪ್ಪನ ಸಾಹೇಬರು ಒಬ್ಬರು ಕೊಟ್ಟು ಅವರೇ ಗಂಟು ಹಾಕಿದ್ದಂತೆ. "ನಾನೇನು ನೋಡಿದ್ನಾ? ಪ್ರಸನ್ನನ ಬಾಣಂತನ ಮುಗಿಸ್ಕೊಂಡು ಕನಕಪುರದಿಂದ ಬಂದಾಗ ಮೊಳೇಲಿ ನೇತಾಡ್ತಿತ್ತು. ಆಗ್ಲೇ ನಲವತ್ತು ವರ್ಷ ಆಯ್ತು."

ತಮ್ಮ ಪ್ರಸನ್ನ ಮಹಡಿಯ ಮನೆಯಿಂದ ಮೊಸರು ಕೇಳಲು ಬಂದವನು ತಕರಾರು ತೆಗೆದ. ಚಿಕ್ಕಪೇಟೆಯ ಅಂಗಡಿಯವನು ಕಟ್ಟಿಕೊಟ್ಟದ್ದಂತೆ. "ಲೇ, ನೀನು ಆಗ ತೊಟ್ಟಿಲಲ್ಲಿದ್ದೆ" ಅಂತ ಅಮ್ಮ ಬೈದಳು.

ಬೀದಿಯವರ ಪ್ರಕಾರ ಅಪ್ಪನೇ ಕಟ್ಟಿಕೊಂಡದ್ದು. ಅಪ್ಪನನ್ನು ಕೇಳಿದರೆ, "ಹಳೇದು ಬಿಡಮ್ಮ, ಯಾರಿಗೆ ನೆನಪಿರ್ತದೆ" ಅಂತ ಅನ್ನಕ್ಕೆ ಸಾರು ಬಡಿಸಿಕೊಂಡರು. ನಮ್ಮ ಮನೆಯ ನಲವತ್ತು ವರ್ಷದ ವಿಷಯಕ್ಕೇ ಪುರಾವೆ ಇಲ್ಲ, ನಾನು ನಾನೂರು ವರ್ಷದ್ದನ್ನು ಹುಡುಕುತ್ತಿದ್ದೇನೆ.

ಏಪ್ರಿಲ್ ೫, ಶನಿವಾರ

ಟೈ ಇಳಿಸಿ ನೋಡಿದೆ. ಗಂಟಿನ ಮೇಲೆ ಜಿಡ್ಡು ಕರಿಗಟ್ಟಿದೆ. ಸನ್ಮಾನದ ದಿನ ಫೋಟೊ ತೆಗೆಯುತ್ತಾರೆ, ನಾನೂ ಪಕ್ಕದಲ್ಲಿ ನಿಲ್ಲಬೇಕು. ಅಪ್ಪ ಮಲಗಿದ್ದಾಗ ಚೀಲಕ್ಕೆ ಹಾಕಿಕೊಂಡು ಶಂಕರಪುರದ ನರಸಿಂಹಯ್ಯನವರ ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟು ಬಂದೆ. ಹೊಸದರಂತೆ ಆಗಿ ಬರಲಿ, ಅಪ್ಪನಿಗೆ ಆಶ್ಚರ್ಯವಾಗಲಿ.

ಏಪ್ರಿಲ್ ೮, ಮಂಗಳವಾರ

ಆಶ್ಚರ್ಯ ಆಯಿತು.

ನರಸಿಂಹಯ್ಯನವರು ಟೈಯನ್ನು ಬಾಳೆಎಲೆಯ ಹಾಗೆ ಚಪ್ಪಟೆ ಮಾಡಿ, ಇಸ್ತ್ರಿ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಟ್ಟರು. ಗಂಟು ಇಲ್ಲ. "ಗಂಟಿದ್ರೆ ಇಸ್ತ್ರಿ ಹೆಂಗೆ ಮಾಡೋದು ಮೇಡಂ? ಕಲ್ಲಾಗ್‌ಬಿಟ್ಟಿತ್ತು. ಸೂಜಿ ಹಾಕಿ ಬಿಚ್ಚೋಕೆ ಅರ್ಧ ಗಂಟೆ ಹಿಡೀತು" ಅಂತ ಹೆಮ್ಮೆಯಿಂದ ಹೇಳಿದರು. ಹೇಳದೆ ಕೊಟ್ಟದ್ದು ನನ್ನ ತಪ್ಪು, ಅವರದ್ದೇನಿಲ್ಲ. ಹೊರಗಿನ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಗಂಟಿನ ಒಳಗಿದ್ದ ಒಂದು ಗೇಣು ಮಾತ್ರ ಅಂಗಡಿಯಿಂದ ಈಗ ತಂದಂತೆ ಕೆಂಪಗಿತ್ತು.

ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಆ ಕೆಂಪು ಭಾಗವನ್ನು ಹೆಬ್ಬೆರಳಿಂದ ಸವರಿದರು. "ಚೆನ್ನಾಗಾಗಿದೆ" ಅಂದರು. ಮಡಚಿ ಬೀರುವಿನಲ್ಲಿಟ್ಟರು. ಊಟಕ್ಕೆ ಏಳಲಿಲ್ಲ. ಮೊಳೆ ಖಾಲಿ ಇದೆ.

ಮತ್ತೆ ಕಟ್ಟಿಕೊಂಡರಾಯಿತು, ಅದಕ್ಕೆ ಇಷ್ಟೇಕೆ?

ಏಪ್ರಿಲ್ ೯, ಬುಧವಾರ

"೧೪ನೇ ತಾರೀಕು ನಾನು ಬರಲ್ಲ ಅಂತ ಸಂಘದವರಿಗೆ ಹೇಳ್ಬಿಡಮ್ಮ. ಮಂಡಿ ನೋವು" ಅಂದರು.

ಅಪ್ಪನಿಗೆ ಟೈ ಕಟ್ಟಲು ಬರುವುದಿಲ್ಲ. ನಲವತ್ತು ವರ್ಷದಿಂದ ಬರುವುದಿಲ್ಲ. ನನಗೆ ಈಗ ಹೊಳೆಯಿತು.

ಏಪ್ರಿಲ್ ೧೦, ಗುರುವಾರ

ಸ್ಟಾಫ್ ರೂಮಿನಲ್ಲಿ ರಾಮಾನುಜ ಪಕ್ಕಕ್ಕೆ ಕರೆದ. "ಮೇಡಂ, ಅವರು ಕೇಳಿದ ಆ ಒಂದು ಸಾಲು ಬರೆದುಕೊಟ್ಬಿಡಿ. ನನ್ನ ಹೆಸರು ಎಳೀತಿದಾರೆ. ನಿಮ್ಮನ್ನ ದಾಟಿ ಆ ಕುರ್ಚೀಲಿ ಕೂರೋಕೆ ನನಗೂ ಮುಖ ಬೇಕಲ್ಲ." ಒಳ್ಳೆಯ ಮನುಷ್ಯ. ಆದರೆ ಕೊಟ್ಟರೆ ಬೇಡ ಅನ್ನುವವನೂ ಅಲ್ಲ.

ಹಾವೂ ಸಾಯದ, ಕೋಲೂ ಮುರಿಯದ ಒಂದು ಸಾಲಿಗಾಗಿ ತಡಕಾಡಿದೆ. 'ಗುಲಾಮಗಿರಿಯ ಸಂಕೇತವೆಂದು ಕೆಲವರು ಭಾವಿಸುತ್ತಾರೆ.' ಬರೆದೆ, ಹೊಡೆದುಹಾಕಿದೆ. ಆ ಕೆಲವರು ಯಾರು ಅಂತ ಮಕ್ಕಳು ಕೇಳಿದರೆ ಏನು ಹೇಳಲಿ?

ಅಪ್ಪ ಇವತ್ತೂ ವಾಕಿಂಗ್ ಹೋಗಲಿಲ್ಲ. ಸಂಘದವರಿಗೆ ನಾನಿನ್ನೂ ಏನೂ ಹೇಳಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಬರೆಯಬೇಕಿಲ್ಲ ಅಂದಿದ್ದೆ. ಬರೆಯುತ್ತೇನೆ.

ಒಂಬತ್ತನೇ ತರಗತಿ. ನನಗೆ ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಅಪ್ಪ ಡ್ಯೂಟಿಯಿಂದ ನೇರವಾಗಿ ಬಂದರು. ಖಾಕಿ ಪ್ಯಾಂಟು, ಹವಾಯಿ ಚಪ್ಪಲಿ, ಬಿಳಿ ಅಂಗಿ, ಅದರ ಮೇಲೆ ಈ ಟೈ. ಜೇಬಿನಲ್ಲಿಟ್ಟುಕೊಂಡು ಬಂದು ಗೇಟಿನ ಹತ್ತಿರ ತಲೆಯಿಂದ ತೂರಿಸಿಕೊಂಡಿರಬೇಕು. ನನ್ನ ಹಿಂದಿನ ಸಾಲಿನಲ್ಲಿ ಕೂತ ಹುಡುಗಿಯರು ಕಿಸಕ್ಕನೆ ನಕ್ಕರು. ಒಬ್ಬಳು, "ಯಾರ ಅಪ್ಪನೇ ಅದು, ಸರ್ಕಸ್‌ನವರಾ?" ಅಂದಳು. ನಾನೂ ನಕ್ಕೆ. ಗೊತ್ತಿಲ್ಲ ಅಂದೆ.

ಮನೆಗೆ ಬರುವಾಗ ದಾರಿಯಲ್ಲಿ ಹೇಳಿದೆ: "ಇನ್ಮೇಲೆ ನನ್ನ ಸ್ಕೂಲಿಗೆ ಇದನ್ನ ಹಾಕ್ಕೊಂಡು ಬರ್ಬೇಡಿ."

ಅವರು ಆಯ್ತಮ್ಮ ಅಂದರು. ಅಲ್ಲೇ ರಸ್ತೆಯಲ್ಲೇ ತೆಗೆದು ಜೇಬಿಗೆ ಹಾಕಿಕೊಂಡರು. ಮತ್ತೆ ನನ್ನ ಯಾವ ಶಾಲೆಗೂ, ಕಾಲೇಜಿಗೂ ಅವರು ಬಂದದ್ದಿಲ್ಲ. ಏಪ್ರಿಲ್ ೧೪ ಬಿಟ್ಟರೆ ಆ ಟೈ ಹಾಕಿದ್ದೂ ಇಲ್ಲ.

ಆ ದಿನ ಅಪ್ಪನ ಕೊರಳಿಂದ ಟೈ ತೆಗೆಸಿದ್ದು ನಾನು. ಈಗ ನೂರಾರು ಮಕ್ಕಳ ಕೊರಳಿಂದ ತೆಗೆಸಲು ವೆಂಕಟಾಚಲ ಅವರು ನನ್ನನ್ನೇ ಆರಿಸಿದ್ದಾರೆ. ಸರಿಯಾದವಳನ್ನೇ ಹಿಡಿದಿದ್ದಾರೆ. ನಾಚಿಕೆಯಾಗುತ್ತದೆ.

ಏಪ್ರಿಲ್ ೧೨, ಶನಿವಾರ

ಹಳೆಯ ಎರಡು ಪುಟ ಹರಿದುಹಾಕಿದೆ. ಹೊಸದು ಬರೆದೆ. ಮೂರು ಪುಟ ಆಯಿತು.

ಏಪ್ರಿಲ್ ೧೩, ಭಾನುವಾರ

ಹತ್ತೂವರೆಗೆ ಸಭೆ. ಮಂಡಳಿಯ ಎಂಟು ಜನ, ಮೇಜಿನ ಮೇಲೆ ಗೋಡಂಬಿ, ಬಿಸ್ಕತ್ತು. ಹಾಳೆಗಳನ್ನು ಮೇಜಿಗೆ ಒತ್ತಿಹಿಡಿದು ಓದಿದೆ. ಚೀನಾದ ಮಣ್ಣಿನ ಸೈನಿಕರು, ರೋಮಿನ ಕಂಬ, ಕ್ರೊಯೇಷಿಯಾದವರು, ಅವರಿಗಿಂತ ಮೊದಲೇ ಇತ್ತೆನ್ನುವ ಹೆಸರು, ಎಲ್ಲವನ್ನೂ. ಎಲ್ಲಿ ಪುರಾವೆ ಇದೆ, ಎಲ್ಲಿ ಬರೀ ಊಹೆ ಅನ್ನುವುದನ್ನೂ. ಕೊನೆಗೆ ಹೀಗೆ ಓದಿದೆ: 'ಟೈ ಎಲ್ಲಿ ಹುಟ್ಟಿತೆಂದು ಖಚಿತವಾಗಿ ಹೇಳಲಾಗದು. ಸಿಕ್ಕ ಕಥೆಗಳಲ್ಲಿ ಒಂದು ಮಾತ್ರ ಸಮಾನ. ಎಲ್ಲದರಲ್ಲೂ ಅದು ಮೊದಲು ಇದ್ದದ್ದು ಸಿಪಾಯಿಗಳ ಕೊರಳಲ್ಲಿ. ಒಂದು ಕಥೆಯಲ್ಲಂತೂ ಕೂಲಿಗೆ ಹೋದವರನ್ನು ನೋಡಿ ಅರಸನೇ ಕಟ್ಟಿಕೊಂಡಿದ್ದಾನೆ.'

ವೆಂಕಟಾಚಲ ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

"ಮೇಡಂ, ನಾನು ಹೇಳಿದ ಸಾಲು?"

"ಅದಕ್ಕೆ ಆಧಾರ ಸಿಗ್ಲಿಲ್ಲ ಸರ್."

"ಹಾಗಾದ್ರೆ ಟೈ ಇರ್ಲಿ ಅಂತೀರಾ?"

"ಸೆಕೆ ಅಂತ ತೆಗೀರಿ, ಮೊದಲ ಸಹಿ ನಂದೇ. ಮಕ್ಕಳು ಬೆವರ್ತಾರೆ. ಆದ್ರೆ ಗುಲಾಮಗಿರಿ ಅಂತ ಬರೀಬೇಡಿ. ನಮ್ಮಪ್ಪ ಜವಾನ್ ಆಗಿದ್ರು ಸರ್. ದಿನಾ ಇಡೀ ಸಾಹೇಬರ ಬೆಲ್ಲಿಗೆ ಓಡೋರು. ವರ್ಷಕ್ಕೆ ಒಂದಿನ ಟೈ ಹಾಕ್ತಾರೆ, ಅವತ್ತು ಯಾರ ಬೆಲ್ಲಿಗೂ ಓಡಲ್ಲ. ಅದನ್ನ ಗುಲಾಮಗಿರಿ ಅಂತ ನನ್ನ ಕೈಲಿ ಬರೆಸ್ಬೇಡಿ."

ಇಪ್ಪತ್ತೆರಡು ವರ್ಷದಲ್ಲಿ ಆ ಶಾಲೆಯೊಳಗೆ ಅಪ್ಪ ಏನಾಗಿದ್ದರು ಅಂತ ನಾನು ಹೇಳಿದ್ದು ಇದೇ ಮೊದಲು. ಯಾರೂ ಗೋಡಂಬಿ ಮುಟ್ಟಲಿಲ್ಲ. "ಹೊರಗೆ ಕೂತಿರಿ ಮೇಡಂ" ಅಂದರು ವೆಂಕಟಾಚಲ.

ತಡವಾಗಿ ಬಂದ ಮಕ್ಕಳನ್ನು ಕೂರಿಸುವ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆ. ರಾಮಾನುಜನನ್ನು ಒಳಗೆ ಕರೆದರು. ಹೊರಗೆ ಬಂದಾಗ ಅವನು ನನ್ನ ಮುಖ ನೋಡಲಿಲ್ಲ, ಹಾಗಾಗಿ ಗೊತ್ತಾಯಿತು. "ನಾನಾಗಿ ಕೇಳಿಲ್ಲ ಮೇಡಂ" ಅಂದ. ಗೊತ್ತು ಬಿಡಿ, ಕಂಗ್ರಾಟ್ಸ್ ಅಂದೆ. ಟೈ ವಿಷಯವನ್ನು ಮುಂದಿನ ಸಭೆಗೆ ತಳ್ಳಿದರಂತೆ. ಆ ಸಾಲು ಸದ್ಯಕ್ಕೆ ನಡಾವಳಿಗೆ ಹೋಗಿಲ್ಲ.

ಗಾಂಧಿಬಜಾರಿನವರೆಗೆ ಸುಮ್ಮನೆ ನಡೆದೆ. ಅಳು ಬಂತು. ಮಲ್ಲಿಗೆ ಹೂವಿನಾಕೆ "ಏನಾಯ್ತಕ್ಕಾ?" ಅಂದಳು. ಎರಡು ಮೊಳ ಕೊಂಡು ಮನೆಗೆ ಬಂದೆ.

ಏಪ್ರಿಲ್ ೧೪, ಸೋಮವಾರ

ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಹೋಗುವುದಿಲ್ಲ ಅಂದವರು ಅಂಗಿ ಯಾಕೆ ಹಾಕಿದ್ದೀರಿ ಅಂತ ನಾನು ಕೇಳಲಿಲ್ಲ. ನಿನ್ನೆಯದನ್ನು ಮೊದಲು ಹೇಳಿಬಿಟ್ಟೆ.

"ಬೆಲ್ ಸಿಗ್ಲಿಲ್ಲ ಅಪ್ಪ. ರಾಮಾನುಜಂಗೆ ಹೋಯ್ತು."

ಅಪ್ಪ ನನ್ನ ಮುಖವನ್ನೇ ನೋಡಿದರು. "ಬೆಲ್ ಸದ್ದು ಕೇಳಿ ಕೇಳಿ ನಂಗೆ ಸಾಕಾಗಿದೆ ಕಣಮ್ಮ. ಮನೇಲೂ ಅದರ ಮಾತು ಯಾಕೆ?" ಅಂದರು.

ಬೀರುವಿನಿಂದ ಟೈ ತಂದೆ. ಅವರ ಕೊರಳಿಗೆ ಹಾಕಿ ಮುಂದೆ ನಿಂತುಕೊಂಡೆ. ಫೋನಿನಲ್ಲಿ ವಿಡಿಯೊ ಹಚ್ಚಿದೆ, ಅದರಲ್ಲಿ ಒಬ್ಬ ತನ್ನ ಕೊರಳಿಗೆ ಕಟ್ಟಿಕೊಳ್ಳುತ್ತಾನೆ, ನನಗೆ ಎಡಬಲ ಎಲ್ಲ ಉಲ್ಟಾ. ಎರಡು ಸಲ ತಪ್ಪಿತು. ಸಾಕು ಅಂತ ಫೋನ್ ಆರಿಸಿಟ್ಟೆ. ಆಮೇಲೆ ನೋಡಿದರೆ ಕೈ ತಾನಾಗಿ ಹೋಗುತ್ತಿತ್ತು. ಮೇಲಿಂದ, ಸುತ್ತಿ, ಒಳಗಿಂದ, ಕೆಳಕ್ಕೆ. ಎಳೆದೆ. ಪುಟ್ಟ ಗಂಟು, ಸೊಟ್ಟಗೆ ಎಡಕ್ಕೆ ವಾಲಿತ್ತು. ಬಿಚ್ಚಿ ನೆಟ್ಟಗೆ ಕಟ್ಟೋಣ ಅಂತ ಕೈ ಹಾಕಿದರೆ ಅಪ್ಪ ನನ್ನ ಕೈ ಹಿಡಿದುಕೊಂಡರು. ಹೆಬ್ಬೆರಳಿಂದ ಗಂಟನ್ನು ತಡವಿ ನೋಡಿದರು.

"ಇದೇ. ಹಿಂಗೇ ಎಡಕ್ಕೆ ವಾಲ್ತಿತ್ತು."

"ಯಾವುದು?"

"ನೀನು ಎರಡನೇ ಕ್ಲಾಸು. ನಿಮ್ಮಮ್ಮ ಬಾಣಂತನಕ್ಕೆ ಹೋಗಿದ್ಲು, ಮನೇಲಿ ನಾವಿಬ್ಬರೇ. ನಿಮ್ಮ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗು. ಚಿಕ್ಕಪೇಟೇಲಿ ಟೈ ತಗೊಂಡು ಬಂದಿದ್ದೆ, ಕಟ್ಟೋಕೆ ಬರ್ಲಿಲ್ಲ. ನಾನು ನಿಂಗೆ ಜಡೆ ಹಾಕಿದೆ, ಅದೂ ಸೊಟ್ಟಗೆ. ನೀನು ಸ್ಟೂಲ್ ಮೇಲೆ ಹತ್ತಿ, ನಮ್ಮ ಮಿಸ್ ಹೇಳ್ಕೊಟ್ಟಿದಾರೆ ಅಂತ ಕಟ್ಟಿದೆ. ನಮ್ಮ ವಂಶದಲ್ಲೇ ಟೈ ಕಟ್ಟೋಕೆ ಕಲಿತೋಳು ನೀನೇ ಮೊದಲು."

ನನಗೆ ಏನೂ ನೆನಪಿಲ್ಲ. ಸ್ಟೂಲೂ ಇಲ್ಲ, ಜಡೆಯೂ ಇಲ್ಲ. ಕೈಗೆ ಮಾತ್ರ ನೆನಪಿತ್ತು.

"ಇಷ್ಟು ವರ್ಷ ಯಾಕಪ್ಪ ಹೇಳ್ಲಿಲ್ಲ?"

"ನಿಂಗೆ ಅದು ಇಷ್ಟ ಇರ್ಲಿಲ್ವಲ್ಲಮ್ಮ."

ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅಮ್ಮ ಏನಾಯಿತೆಂದು ಕೇಳಿದರೆ ಈರುಳ್ಳಿ ಅಂದೆ. "ಈರುಳ್ಳಿ ಎಲ್ಲಿ ಹೆಚ್ಚಿದೆ ನೀನು?" ಅಂತ ಅವಳು ಹಿಂದೆಯೇ ಬಂದಳು.

ಸನ್ಮಾನ ಚೆನ್ನಾಗಿ ಆಯಿತು. ಅಪ್ಪ ಮೈಕಿನಲ್ಲಿ ಎರಡೇ ಮಾತಾಡಿದರು, "ಈ ಟೈ ಕಟ್ಟಿದ್ದು ನಾನಲ್ಲ, ನನ್ನ ಮಗಳು ಹೇಮಶ್ರೀ." ಜನ ಚಪ್ಪಾಳೆ ತಟ್ಟಿದರು. ಫೋಟೊಗೆ ಅವರ ಪಕ್ಕದಲ್ಲೇ ನಿಂತೆ. ಕಾಲಲ್ಲಿ ಹವಾಯಿ ಚಪ್ಪಲಿಯೇ ಇತ್ತು ಅಂತ ಈಗ ಫೋಟೊ ನೋಡಿದಾಗ ಗೊತ್ತಾಯಿತು.

ಮನೆಗೆ ಬಂದು ಅಪ್ಪ ಎಂದಿನಂತೆ ಟೈ ಸಡಿಲ ಮಾಡಿ ತಲೆಯಿಂದ ತೆಗೆದರು. ಮೊಳೆಯ ಹತ್ತಿರ ಹೋದವರು ನೇತುಹಾಕಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಇದನ್ನ ಬಿಚ್ಚೋದು ಹೆಂಗಮ್ಮ?"

"ಯಾಕೆ, ಇರ್ಲಿ ಬಿಡಿ ಅಪ್ಪ. ಮುಂದಿನ ವರ್ಷಕ್ಕೆ."

"ಮುಂದಿನ ವರ್ಷಕ್ಕೆ ನೀನೇ ಇದೀಯಲ್ಲ, ಕಟ್ಕೊಡೋಕೆ" ಅಂದರು.

ಯಾವ ತುದಿ ಎಳೆಯಬೇಕು ಅಂತ ತೋರಿಸಿದೆ. ಅಪ್ಪನೇ ಎಳೆದರು.